ಅಪ್ಪೆಮಿಡಿ ಮತ್ತು ಐದು ಸಾವಿರದ ಭಾಗಾಕಾರ

ಕೊರಿಯರ್‌ನವರ ಹತ್ತಿರ ಒಂದು ಲೆಕ್ಕವಿದೆ. ಪಾರ್ಸೆಲ್ಲಿನ ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, 5000ದಿಂದ ಭಾಗಿಸುವುದು. ಬಂದ ಉತ್ತರ ಕಿಲೋ. ತಕ್ಕಡಿ ತೋರಿಸುವ ತೂಕ ಒಂದು, ಈ ಲೆಕ್ಕದ ತೂಕ ಇನ್ನೊಂದು. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಅರ್ಧ ಕಿಲೋ ಉಪ್ಪಿನಕಾಯಿ ತುಂಬಿದ ಗಾಜಿನ ಬಾಟಲಿಗೆ ಒಡೆಯದಂತೆ ಬಬಲ್ ಶೀಟ್ ಸುತ್ತಿ, ಪ್ರತಿ ಬದಿಗೂ 20 ಸೆಂ.ಮೀ. ಇರುವ ರಟ್ಟಿನ ಡಬ್ಬಕ್ಕೆ ಹಾಕಿದಿರಿ ಅನ್ನಿ. ಅದು 1.6 ಕಿಲೋ ಆಯಿತು. ದರ ಏರುವುದು ಸಾಮಾನ್ಯವಾಗಿ ಅರ್ಧರ್ಧ ಕಿಲೋ ಮೆಟ್ಟಿಲಿನಲ್ಲಿ, ಹಾಗಾಗಿ ನೀವು ತೆರುವುದು 2 ಕಿಲೋದ ದರ. ಒಳಗಿರುವುದು ಅರ್ಧ ಕಿಲೋ ಮಿಡಿ, ಒಂದು ಗಾಜಿನ ಬಾಟಲಿ, ಉಳಿದದ್ದು ಗಾಳಿ.

ಉದ್ಯಮದ ಬಗ್ಗೆ ಮಾತಾಡುವವರು ಐಡಿಯಾದಿಂದ ಶುರು ಮಾಡುತ್ತಾರೆ, ಕನಸಿನಿಂದ ಶುರು ಮಾಡುತ್ತಾರೆ. ನಾನು ರಟ್ಟಿನ ಡಬ್ಬದಿಂದ ಶುರು ಮಾಡುತ್ತಿದ್ದೇನೆ. ಯಾಕೆಂದರೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಮನೆಯಲ್ಲಿ ಅತ್ತಿಗೆ ನಡೆಸುವ ಮಿಡಿ ಉಪ್ಪಿನಕಾಯಿ ವ್ಯಾಪಾರದಲ್ಲಿ ಆನ್‌ಲೈನ್ ಅನ್ನುವ ಭಾಗ ಬೆಂಗಳೂರಿನಲ್ಲಿರುವ ನನ್ನ ತಲೆಗೆ ಬಂದಿದೆ. ಮಿಡಿ ಆರಿಸುವುದು, ಉಪ್ಪು ಹಾಕುವುದು, ಸಾಸಿವೆ ಬೀಸುವುದು ಅವರ ಕೆಲಸ. ಫೋಟೊ, ಲೇಬಲ್ಲು, ಆರ್ಡರು, ತೆರಿಗೆ, ಗಿರಾಕಿಗಳಿಂದ ಬೈಸಿಕೊಳ್ಳುವುದು ನನ್ನದು. ಈ ವಿಭಜನೆಯಲ್ಲಿ ಯಾರದು ನಿಜವಾದ ಕೆಲಸ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಸಂಶಯವಿಲ್ಲ.

ಅಪ್ಪೆಮಿಡಿ ಗೊತ್ತಿಲ್ಲದವರಿಗೆ ಎರಡು ಮಾತು. ಇದು ತೋಪಿನ ಮಾವಲ್ಲ. ಶರಾವತಿ, ಅಘನಾಶಿನಿ, ವರದಾ ಕಣಿವೆಗಳಲ್ಲಿ, ಹೊಳೆ ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆದ ಮರಗಳ ಎಳೆಗಾಯಿ. ಒಂದೊಂದು ಮರದ್ದೂ ಒಂದೊಂದು ಪರಿಮಳ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಮಿಡಿ ಎಂದೆಲ್ಲ ಹೆಸರಿರುವುದು ಅದಕ್ಕೇ. ಜೀರಿಗೆ ಮಿಡಿಯ ತೊಟ್ಟು ಮುರಿದರೆ ಸೊನೆ ಜೀರಿಗೆಯಂತೆಯೇ ಘಮ್ಮೆನ್ನುತ್ತದೆ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಕೊಯ್ಲು ಮುಗಿಯಬೇಕು. ತೊಟ್ಟಿನ ಸಮೇತ ಕೊಯ್ಯಬೇಕು, ನೆಲಕ್ಕೆ ಬಿದ್ದು ಪೆಟ್ಟಾದದ್ದು ಭರಣಿಗೆ ಬಾರದು. ರಿಪ್ಪನ್‌ಪೇಟೆಯಂಥ ಕಡೆ ಸೀಸನ್ನಿನಲ್ಲಿ ರಸ್ತೆಬದಿಯಲ್ಲೇ ಮಿಡಿ ವ್ಯಾಪಾರ ನಡೆಯುತ್ತದೆ. ನೂರಕ್ಕೆ ಇಷ್ಟು, ಸಾವಿರಕ್ಕೆ ಇಷ್ಟು ಎಂದು ಎಣಿಸಿ ಕೊಡುವುದು ಹಳೆಯ ರೂಢಿ. ಆಮೇಲೆ ಉಪ್ಪಿನಲ್ಲಿ ಹಾಕಿ, ಮೇಲೆ ಭಾರ ಹೇರಿ, ಮಿಡಿ ಸುಕ್ಕುಗಟ್ಟುವ ತನಕ ಕಾಯಬೇಕು. ಅದು ಬಿಟ್ಟ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಬ್ಯಾಡಗಿ ಮೆಣಸು, ಅರಿಸಿನ ಬೀಸಿ ಕಲೆಸುವುದು. ಎಣ್ಣೆಯ ಹನಿ ಇಲ್ಲ. ಸರಿಯಾಗಿ ಹಾಕಿದ್ದು ವರ್ಷಗಟ್ಟಲೆ ಕೆಡುವುದಿಲ್ಲ.

ಈಗ ಇದನ್ನು ಆನ್‌ಲೈನ್‌ನಲ್ಲಿ ಮಾರಬೇಕು.

ಇಂಟರ್ನೆಟ್ಟಿನ ಎರಡು ದೊಡ್ಡ ಅಂಗಡಿಗಳು ಹುಟ್ಟಿದ್ದೇ ಪುಸ್ತಕದಿಂದ ಅನ್ನುವುದನ್ನು ನೆನಪಿಡಬೇಕು. 1995ರಲ್ಲಿ ಅಮೆಜಾನ್ ಮಾರತೊಡಗಿದ್ದು ಪುಸ್ತಕ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುವಾದದ್ದೂ ಪುಸ್ತಕದಿಂದಲೇ. ಪುಸ್ತಕ ಎತ್ತಿಹಾಕಿದರೆ ಒಡೆಯುವುದಿಲ್ಲ, ಸೋರುವುದಿಲ್ಲ, ಚಪ್ಪಟೆಯಾಗಿರುವುದರಿಂದ ಆ 5000ದ ಭಾಗಾಕಾರಕ್ಕೂ ಸಿಕ್ಕಿಬೀಳುವುದಿಲ್ಲ. ಎಲ್ಲಕ್ಕಿಂತ ದೊಡ್ಡದೆಂದರೆ, ಒಂದೇ ಮುದ್ರಣದ ಎರಡು ಪ್ರತಿಗಳಲ್ಲಿ ಇದು ಒಳ್ಳೆಯದು, ಅದು ಸಾಧಾರಣ ಅನ್ನುವ ಭೇದವಿಲ್ಲ. ಅಂಥ ಸಾಮಾನಿಗಾಗಿ ಕಟ್ಟಿದ ವ್ಯವಸ್ಥೆಯೊಳಗೆ ನಾವು ಮರದಿಂದ ಮರಕ್ಕೆ ರುಚಿ ಬದಲಾಗುವ, ಗಾಜಿನಲ್ಲಿ ತುಂಬಿದ, ತೆಳ್ಳಗಿನ ಕೆಂಪು ರಸ ಬಿಡುವ ವಸ್ತುವನ್ನು ತುರುಕುತ್ತಿದ್ದೇವೆ. ಅಲ್ಲಿ ಎಲ್ಲವೂ ನಮ್ಮ ವಿರುದ್ಧವೇ ಇದೆ ಅನಿಸಿದರೆ ಅದು ಯಾರ ಸಂಚೂ ಅಲ್ಲ. ಆ ಯಂತ್ರ ನಮಗಾಗಿ ಮಾಡಿದ್ದಲ್ಲ, ಅಷ್ಟೇ.

ನಮ್ಮ ವ್ಯಾಪಾರ ಊರ ಹೊರಗೆ ಕಾಲಿಟ್ಟಿದ್ದು 2020ರಲ್ಲಿ. ಮಾರ್ಚ್ 25ರಂದು ಲಾಕ್‌ಡೌನ್ ಬಂದಾಗ ಮಿಡಿ ಸೀಸನ್ನಿನ ನಟ್ಟನಡುವೆ. ಅತ್ತಿಗೆ ಉಪ್ಪು ಹಾಕಿಟ್ಟದ್ದು ಭರಣಿಗಳಲ್ಲಿತ್ತು, ಪ್ರತಿವರ್ಷ ಒಯ್ಯುತ್ತಿದ್ದ ಅಂಗಡಿಗಳು ಬಾಗಿಲು ಹಾಕಿದ್ದವು. ಆ ತಿಂಗಳುಗಳಲ್ಲಿ ಮಲೆನಾಡಿನ ಎಷ್ಟೋ ಮನೆಗಳಲ್ಲಿ ನಡೆದದ್ದೇ ನಮ್ಮಲ್ಲೂ ನಡೆಯಿತು: ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಫೋಟೊ, ಕೆಳಗೆ ರೇಟು, ಒಂದು ನಂಬರು. ಬೆಂಗಳೂರಿನಲ್ಲಿ ಮನೆಯೊಳಗೆ ಕೂತು ಊರಿನ ಊಟ ನೆನೆಸಿಕೊಳ್ಳುತ್ತಿದ್ದವರು ಬೇಕಾದಷ್ಟಿದ್ದರು. ಮಾಲು ಖಾಲಿಯಾಯಿತು. ಅದನ್ನು ನೋಡಿ ದೊಡ್ಡ ಜಾಲತಾಣದಲ್ಲೂ ಇಡೋಣ, ದೇಶವೆಲ್ಲ ನೋಡಲಿ ಎಂಬ ಉತ್ಸಾಹ ಬಂತು. ಲಾಕ್‌ಡೌನಿನ ಗಿರಾಕಿ ಬೇರೆ, ಮಾಮೂಲಿ ದಿನದ ಗಿರಾಕಿ ಬೇರೆ ಅನ್ನುವುದು ಆಗ ಯಾರಿಗೂ ಹೊಳೆಯುವ ಹೊತ್ತಲ್ಲ.

ಜಾಲತಾಣದ ಲೆಕ್ಕ ಹೀಗೆ. ಸುಲಭವಾಗಲಿ ಎಂದು ಬಾಟಲಿಗೆ 300 ರೂಪಾಯಿ ಇಟ್ಟುಕೊಳ್ಳಿ. ಅದರಲ್ಲಿ ನಾವು ಶುರು ಮಾಡಿದಾಗ ಅವರ ಕಮಿಷನ್ ಶೇಕಡಾವಾರು ಹೋಗುತ್ತಿತ್ತು. ಪ್ರತಿ ಆರ್ಡರಿಗೆ ಇಷ್ಟು ಎಂಬ ನಿಗದಿ ಶುಲ್ಕ ಬೇರೆ. ಸಾಗಾಟದ ಖರ್ಚು, ಅದೇ ಗಾಳಿಯ ತೂಕದ್ದು. ಈ ಶುಲ್ಕಗಳ ಮೇಲೆ ಶೇ. 18 ಜಿಎಸ್‌ಟಿ. ಆಮೇಲೆ ಮಾರಾಟದ ಮೊತ್ತದಲ್ಲಿ ಅವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ಟಿಸಿಎಸ್. 2018ರ ಅಕ್ಟೋಬರಿನಲ್ಲಿ ಶುರುವಾದಾಗ ಶೇ. 1 ಇತ್ತು, 2024ರ ಜುಲೈನಿಂದ ಶೇ. 0.5. ಟಿಸಿಎಸ್ ಕಳೆದುಹೋಗುವ ದುಡ್ಡಲ್ಲ, ರಿಟರ್ನ್ ಸಲ್ಲಿಸಿ ನಮ್ಮ ಖಾತೆಗೆ ಹಿಂದಕ್ಕೆ ಪಡೆಯಬಹುದು. ಆದರೆ ಆ ತನಕ ಅದು ಕೈಯಲ್ಲಿಲ್ಲ. ಜಾಹೀರಾತು ಕೊಡದಿದ್ದರೆ ನಮ್ಮ ಬಾಟಲಿ ಎಷ್ಟನೆಯದೋ ಪುಟದಲ್ಲಿರುತ್ತದೆ, ಕೊಟ್ಟರೆ ಅದೂ ಇದೇ 300ರಿಂದಲೇ ಹೋಗಬೇಕು. ನಾನು ಇದನ್ನೆಲ್ಲ ಹಾಳೆಯ ಮೇಲೆ ಬರೆದು ತೋರಿಸಿದಾಗ ಅತ್ತಿಗೆ ಕೇಳಿದ್ದು ಒಂದೇ: "ಇದರಲ್ಲಿ ಮಿಡಿ ಕೊಯ್ದವನಿಗೆ ಎಷ್ಟು ಅಂತ ಎಲ್ಲಿ ಬರದ್ದಿ, ಭಾವ?"

ಬರೆದಿರಲಿಲ್ಲ. ಮರ ಹತ್ತುವವರ ಕೂಲಿ, ಮೆಣಸು, ಸಾಸಿವೆ, ಉಪ್ಪು, ಬಾಟಲಿ, ಮುಚ್ಚಳದ ಸೀಲು ಇವೆಲ್ಲ ಮಾರ್ಚಿನಲ್ಲೇ ನಗದಾಗಿ ಕೊಟ್ಟು ಮುಗಿದಿರುತ್ತದೆ. ಆ ದುಡ್ಡು ತಿರುಗಿ ಬರಲು ಮುಂದಿನ ಮಾರ್ಚ್ ಬೇಕಾಗಬಹುದು. ಲಾಭ ಎಷ್ಟು ಎಂಬುದಕ್ಕಿಂತ ಹಣ ಎಷ್ಟು ತಿಂಗಳು ಭರಣಿಯೊಳಗೆ ಕೂತಿರುತ್ತದೆ ಎಂಬುದು ಸಣ್ಣ ವ್ಯಾಪಾರದ ಜೀವ ಹಿಂಡುತ್ತದೆ. ಅಡಿಕೆಯವರಿಗೆ ಇದು ಹೊಸದಲ್ಲ, ಅವರಿಗೆ ಸೊಸೈಟಿಯಿದೆ, ಮಂಡಿಯಿದೆ, ಮುಂಗಡ ಸಿಗುತ್ತದೆ. ಉಪ್ಪಿನಕಾಯಿ ಭರಣಿ ತೋರಿಸಿದರೆ ಮುಂಗಡ ಕೊಡುವವರನ್ನು ನಾನಿನ್ನೂ ಕಂಡಿಲ್ಲ.

ಕ್ಯಾಶ್ ಆನ್ ಡೆಲಿವರಿ ಬಗ್ಗೆ ಒಂದಿಷ್ಟು ಹೇಳಲೇಬೇಕು. 2010ರಲ್ಲಿ ಫ್ಲಿಪ್‌ಕಾರ್ಟ್ ಇದನ್ನು ತಂದಾಗ ಭಾರತದ ಆನ್‌ಲೈನ್ ವ್ಯಾಪಾರದ ಬಾಗಿಲೇ ತೆರೆಯಿತು ಅನ್ನುತ್ತಾರೆ, ಸರಿಯೇ. ಕಾರ್ಡಿಲ್ಲದವರು, ಇದ್ದರೂ ನಂಬಿಕೆಯಿಲ್ಲದವರು ಕೊಳ್ಳತೊಡಗಿದರು. ಆದರೆ ವಸ್ತು ಕೈಗೆ ಬಂದ ಮೇಲೆ ದುಡ್ಡು ಅನ್ನುವ ಪದ್ಧತಿ ನಮ್ಮ ಅಂಚೆ ಇಲಾಖೆಯಲ್ಲಿ 19ನೇ ಶತಮಾನದಿಂದಲೇ ಇತ್ತು, ವಿ.ಪಿ.ಪಿ. ಎಂಬ ಹೆಸರಿನಲ್ಲಿ. ಕನ್ನಡದ ಪ್ರಕಾಶಕರು ಎಷ್ಟೋ ದಶಕ ಬದುಕಿದ್ದು ಅದರ ಮೇಲೆ. ಪೋಸ್ಟ್‌ಮ್ಯಾನ್ ಕಟ್ಟು ತಂದು ಬಾಗಿಲಲ್ಲಿ ನಿಂತಾಗ ಮನೆಯ ಯಜಮಾನ "ನಾನು ತರಿಸಿಲ್ಲವಲ್ಲ" ಅಂದರೆ ಮುಗಿಯಿತು, ಕಟ್ಟು ಹಿಂದಕ್ಕೆ, ಅಂಚೆ ವೆಚ್ಚ ಪ್ರಕಾಶಕನ ತಲೆಗೆ. ಈಗ ಅದನ್ನೇ ಆರ್‌ಟಿಒ, ಅಂದರೆ 'ರಿಟರ್ನ್ ಟು ಒರಿಜಿನ್', ಅನ್ನುತ್ತಾರೆ. ನಾನು ಆ ಅಕ್ಷರಗಳನ್ನು ಮೊದಲು ನೋಡಿದಾಗ ಡ್ರೈವಿಂಗ್ ಲೈಸೆನ್ಸಿನ ಕಚೇರಿ ನೆನಪಾಗಿತ್ತು.

ಪುಸ್ತಕ ಹಿಂದಕ್ಕೆ ಬಂದರೆ ಇನ್ನೊಬ್ಬರಿಗೆ ಕಳಿಸಬಹುದು. ಮೇ ತಿಂಗಳ ಬಿಸಿಲಲ್ಲಿ ದೆಹಲಿಯ ಗೋದಾಮು ನೋಡಿಬಂದ ಉಪ್ಪಿನಕಾಯಿಯನ್ನು ಏನು ಮಾಡುವುದು? ಕೆಟ್ಟಿರುವುದಿಲ್ಲ, ಮಿಡಿ ಅಷ್ಟಕ್ಕೆಲ್ಲ ಜಗ್ಗುವುದಿಲ್ಲ. ಆದರೆ ಮುಚ್ಚಳದ ಸುತ್ತ ರಸ ಒಣಗಿ ಅಂಟಾಗಿರುತ್ತದೆ, ಲೇಬಲ್ಲು ಕೆಂಪಾಗಿರುತ್ತದೆ, ದಾರಿಯಲ್ಲಿ ಯಾರು ಬಿಚ್ಚಿದರೋ ಗೊತ್ತಿಲ್ಲ. ಅದನ್ನು ಮತ್ತೆ ಮಾರಲು ಅತ್ತಿಗೆ ಒಪ್ಪುವುದಿಲ್ಲ. ಆ ಬಾಟಲಿಗಳು ನಮ್ಮ ಮನೆಯ ಮಜ್ಜಿಗೆ ಅನ್ನಕ್ಕೆ. ಹೀಗೆ ದೇಶ ಸುತ್ತಿಬಂದ ಉಪ್ಪಿನಕಾಯಿ ತಿನ್ನುವ ಭಾಗ್ಯ ನಮ್ಮ ಮನೆಯವರಿಗೆ ಬೇಕಾದಷ್ಟು ಒದಗಿದ ಮೇಲೆ ನಾವು ಕ್ಯಾಶ್ ಆನ್ ಡೆಲಿವರಿಯನ್ನೇ ಕೈಬಿಟ್ಟೆವು. ಆರ್ಡರು ಕಡಿಮೆಯಾಯಿತು. ಉಳಿದ ಆರ್ಡರುಗಳಲ್ಲಿ ವಾಪಸ್ಸು ಬರುವುದು ಅಪರೂಪವಾಯಿತು. ಮಾರಾಟ ಇಳಿದು ಉಳಿತಾಯ ಹೆಚ್ಚಾಗುವುದನ್ನು ಯಾವ ಉದ್ಯಮದ ಕಾರ್ಯಾಗಾರದಲ್ಲೂ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ದೂರುಗಳ ವಿಷಯ ಇನ್ನೂ ಸ್ವಾರಸ್ಯ. ಒಡೆದ ಬಾಟಲಿ, ತಡವಾದ ಪಾರ್ಸೆಲ್ ಇವುಗಳ ದೂರು ಬಂದೇ ಬರುತ್ತದೆ, ಅದರಲ್ಲಿ ಕಲಿಯುವುದು ಹೆಚ್ಚೇನಿಲ್ಲ. ನಮ್ಮನ್ನು ಯೋಚನೆಗೆ ಹಚ್ಚಿದ್ದು ಬೇರೆ ತರಹದವು. "ಕಾಯಿ ಸುಕ್ಕಾಗಿದೆ, ಹಳೆ ಸ್ಟಾಕ್ ಕಳಿಸಿದ್ದೀರಿ." "ಎಣ್ಣೆಯೇ ಇಲ್ಲ, ಮೋಸ." "ಇಷ್ಟು ಕೆಂಪಗಿದ್ದೂ ಖಾರ ಇಲ್ಲ ಅಂದರೆ ಬಣ್ಣ ಹಾಕಿದ್ದೀರಿ." ಮೂರೂ ಅವರ ಕಡೆಯಿಂದ ನೋಡಿದರೆ ನ್ಯಾಯವೇ. ಅಂಗಡಿಯ ಮಾವಿನಕಾಯಿ ಹೋಳಿನ ಉಪ್ಪಿನಕಾಯಿ ತಿಂದು ಬೆಳೆದವರಿಗೆ ಸುಕ್ಕಾದದ್ದೇ ಸರಿಯಾದ ಮಿಡಿ ಅಂತ ಹೇಗೆ ಗೊತ್ತಾಗಬೇಕು? ಬ್ಯಾಡಗಿ ಮೆಣಸು ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ ಎಂಬುದು ಕರ್ನಾಟಕದ ಅಡುಗೆಮನೆಯ ತಿಳಿವಳಿಕೆ. ಪುಣೆಯಲ್ಲೋ ಗುರುಗ್ರಾಮದಲ್ಲೋ ಇರುವವರ ಮೇಲೆ ಅದನ್ನು ಹೊರಿಸುವಂತಿಲ್ಲ.

ಹಾಗಾಗಿ ದೂರುಗಳನ್ನೇ ತಿರುಗಿಸಿ ವಿವರಣೆ ಬರೆದೆವು. ಮಿಡಿ ಸುಕ್ಕಾಗಿರುತ್ತದೆ, ಹಾಗೇ ಇರಬೇಕು. ಎಣ್ಣೆ ಹಾಕಿಲ್ಲ, ಹಾಕುವ ಪದ್ಧತಿಯಿಲ್ಲ. ಕೆಂಪು ಬ್ಯಾಡಗಿಯದು, ಖಾರ ಮಧ್ಯಮ. ಉಪ್ಪು ಜಾಸ್ತಿಯೇ, ಮೊಸರನ್ನಕ್ಕೆ ಒಂದು ಮಿಡಿ ಸಾಕು. ಈ ನಾಲ್ಕು ವಾಕ್ಯದಲ್ಲಿ ಅಜ್ಜಿಯ ಕೈರುಚಿಯೂ ಇಲ್ಲ, ಮಲೆನಾಡಿನ ಮಂಜೂ ಇಲ್ಲ. ಮೊದಲಿದ್ದ ವಿವರಣೆಯಲ್ಲಿ ಅವೆರಡೂ ಧಾರಾಳವಾಗಿದ್ದವು. ಫೋಟೊವನ್ನೂ ಬದಲಿಸಿದೆವು. ಹಿತ್ತಾಳೆ ಬಟ್ಟಲು, ಬಾಳೆಲೆ, ಪಕ್ಕದಲ್ಲಿ ಹಸಿರು ಮಾವಿನಕಾಯಿ ಇದ್ದ ಚಿತ್ರ ತೆಗೆದು, ಸ್ಟೀಲ್ ಚಮಚದ ಮೇಲೆ ಒಂದೇ ಒಂದು ಮಿಡಿ, ಸುಕ್ಕುಗಳೆಲ್ಲ ಕಾಣುವಂತೆ. ಚೆಂದದ ಫೋಟೊ ಒಂದು ಸಲ ಮಾರಬಲ್ಲದು, ನಿಜ. ಆದರೆ ಉಪ್ಪಿನಕಾಯಿಯಂಥ ಪದಾರ್ಥದಲ್ಲಿ ಎರಡನೇ ಸಲ ಕೊಳ್ಳದ ಗಿರಾಕಿಯಿಂದ ನಮಗೆ ನಷ್ಟವೇ, ಮೊದಲ ಸಾಗಾಟದ ಖರ್ಚೂ ಹುಟ್ಟುವುದಿಲ್ಲ.

ಕಾನೂನಿನ ಕೆಲಸ ಜನ ಹೆದರುವಷ್ಟು ಕಷ್ಟದ್ದಲ್ಲ. ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನ ಒಳಗಿನ ಮನೆ ಉದ್ಯಮಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಾಕು ಎಂಬ ಮಿತಿಯಲ್ಲಿ ನಾವು ಶುರು ಮಾಡಿದ್ದು; ಶುಲ್ಕ ಆಗ ವರ್ಷಕ್ಕೆ 100 ರೂಪಾಯಿ, 14 ಅಂಕಿಯ ನಂಬರು ಲೇಬಲ್ಲಿನ ಮೇಲೆ ಹಾಕಬೇಕು. ಪ್ಯಾಕೆಟ್ಟಿನ ಮೇಲೆ ತಯಾರಕರ ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ತಿಂಗಳು ವರ್ಷ, ದೂರಿಗೆ ಫೋನ್ ನಂಬರ್ ಇರಬೇಕು ಅನ್ನುವುದು 2011ರ ಪೊಟ್ಟಣ ನಿಯಮಗಳು. ಜಿಎಸ್‌ಟಿಯಲ್ಲಿ ಒಂದು ತೊಡಕಿದೆ. ಸರಕು ಮಾರುವವರಿಗೆ ಕರ್ನಾಟಕದಲ್ಲಿ 40 ಲಕ್ಷದ ತನಕ ನೋಂದಣಿ ಬೇಡ. ಜಾಲತಾಣದ ಮೂಲಕ ಮಾರುವವರಿಗೆ ಮಾತ್ರ ಮೊದಲ ರೂಪಾಯಿಯಿಂದಲೇ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ರಾಜ್ಯದೊಳಗೆ ಮಾರಲು ವಿನಾಯಿತಿ ಸಿಕ್ಕಿದೆ. ರಾಜ್ಯದ ಗಡಿ ದಾಟಿತೋ, ನೋಂದಣಿ ಬೇಕೇ ಬೇಕು. ಸಾಗರದಿಂದ ಬೀದರಿಗೆ ಕಳಿಸಬಹುದು, ಅದಕ್ಕಿಂತ ಎಷ್ಟೋ ಹತ್ತಿರವಿರುವ ಗೋವಾಕ್ಕೆ ಕಳಿಸಲು ಕಾಗದ ಬೇಕು. ಅಂದಹಾಗೆ ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಹಲಸಿನ ಹಪ್ಪಳ ಹಗುರ, ಚಪ್ಪಟೆ, ಸೋರುವುದಿಲ್ಲ, ಹೆಚ್ಚುಕಡಿಮೆ ಪುಸ್ತಕವೇ. ಅಪ್ಪಿತಪ್ಪಿ ಪುಡಿಯಾದರೆ ಮಾತ್ರ ಗಿರಾಕಿ ಕ್ಷಮಿಸುವುದಿಲ್ಲ.

2025ರ ಜುಲೈನಲ್ಲಿ ಯುಪಿಐ ಜಮೆಗಳ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ 'ನಗದು ಮಾತ್ರ' ಬೋರ್ಡುಗಳು ಬಂದವು. ಊರಿನಲ್ಲೂ ಗಾಬರಿ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ನಿಜವಾದ ಪೇಚು ತೆರಿಗೆಯದಾಗಿರಲಿಲ್ಲ, ಒಂದೇ ಖಾತೆಯದು. ಮಗನ ಫೀಸು, ತಮ್ಮ ಕೊಟ್ಟ ಸಾಲ, ಮದುವೆಯ ಮುಯ್ಯಿ, ಉಪ್ಪಿನಕಾಯಿ ದುಡ್ಡು ಎಲ್ಲ ಒಂದೇ ಕ್ಯೂಆರ್ ಕೋಡಿಗೆ ಬಿದ್ದರೆ ಯಾವುದು ವ್ಯಾಪಾರ ಎಂದು ಇಲಾಖೆಗೆ ಯಾರು ಬಿಡಿಸಿ ಹೇಳುವುದು? ವ್ಯಾಪಾರಕ್ಕೆ ಬೇರೆ ಖಾತೆ ಮಾಡಿ ಎಂದು ಯಾರು ಸಲಹೆ ಕೇಳಿದರೂ ನಾನು ಮೊದಲು ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ, ಹೆಚ್ಚಿನವರು ಮಾಡುವುದಿಲ್ಲ.

ಇಷ್ಟಾದ ಮೇಲೂ ಜಾಲತಾಣದಲ್ಲಿ ಬಗೆಹರಿಯದೆ ಉಳಿಯುವುದು ಒಂದೇ ಪ್ರಶ್ನೆ: ಗಿರಾಕಿ ಯಾರವನು? ಅಲ್ಲಿ ಕೊಂಡವರ ಫೋನ್ ನಂಬರ್ ನಮಗೆ ಸಿಗುವುದಿಲ್ಲ. ಒಳ್ಳೆಯದಿದೆ ಎಂದು ಐದು ನಕ್ಷತ್ರ ಕೊಟ್ಟವರಿಗೆ ಮುಂದಿನ ಏಪ್ರಿಲಿನಲ್ಲಿ ಹೊಸ ಮಿಡಿ ಬಂತು ಎಂದು ತಿಳಿಸುವ ದಾರಿಯಿಲ್ಲ. ಅವರು ಮತ್ತೆ ಹುಡುಕಿದಾಗ ಮೊದಲು ಕಾಣುವುದು ಆ ದಿನ ಜಾಹೀರಾತಿಗೆ ಹೆಚ್ಚು ಕೊಟ್ಟವರ ಬಾಟಲಿ. ಅತ್ತಿಗೆಯ ಹತ್ತಿರ ಒಂದು ನೋಟ್‌ಬುಕ್ ಇದೆ, ಮೊದಲ ವಾಟ್ಸ್ಯಾಪ್ ಗಿರಾಕಿಗಳ ಕಾಲದ್ದು. ಒಂದೊಂದು ಹೆಸರಿನ ಮುಂದೆ ಒಂದೊಂದು ಟಿಪ್ಪಣಿ: ಜೀರಿಗೆ ಮಿಡಿಯೇ ಬೇಕು, ಖಾರ ಕಡಿಮೆ, ಬಿ.ಪಿ. ಇದೆ ಉಪ್ಪು ಜಾಸ್ತಿ ಆಗಬಾರದು (ಉಪ್ಪಿಲ್ಲದ ಉಪ್ಪಿನಕಾಯಿ ಹೇಗೆ ಅಂತ ಕೇಳಬೇಡಿ), ಅಮೆರಿಕಕ್ಕೆ ಹೊರಡುವ ಮುಂಚಿನ ವಾರ ಫೋನ್ ಮಾಡುತ್ತಾರೆ, ಸೂಟ್‌ಕೇಸಿಗೆ ಆಗುವ ಹಾಗೆ ಪ್ಯಾಕ್ ಮಾಡಬೇಕು. ನಾನು ಕಂಪ್ಯೂಟರಿನಲ್ಲಿ ಮಾಡಿಕೊಟ್ಟ ಪಟ್ಟಿಯಲ್ಲಿ ಈ ಕೊನೆಯ ಅಂಕಣವೇ ಇರಲಿಲ್ಲ. ವ್ಯಾಪಾರ ಇರುವುದು ಆ ಅಂಕಣದಲ್ಲಿ.

ಸಾಗಾಟಕ್ಕೆ ದಾರಿ ತೋರಿಸಿದವರು ಗಿರಾಕಿಯೊಬ್ಬರು, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ನಿವೃತ್ತ ಮೇಡಂ. "ಒಂದೊಂದೇ ಬಾಟಲಿ ಕೊರಿಯರ್ ಯಾಕೆ ಮಾಡ್ತೀರಿ? ನಮ್ಮ ಬಿಲ್ಡಿಂಗಿನದೆಲ್ಲ ಒಟ್ಟು ಮಾಡಿ ಬಸ್ಸಿಗೆ ಹಾಕಿ, ನಾನು ಹಂಚ್ತೀನಿ" ಅಂದರು. ಬಸ್ಸಿಗೆ ಹಾಕುವುದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಮಕ್ಕಳು ಬೆಂಗಳೂರಿನಲ್ಲಿ ಓದುವಾಗ ಅಕ್ಕಿ, ತೆಂಗಿನಕಾಯಿ, ತುಪ್ಪ ಎಲ್ಲ ರಾತ್ರಿ ಬಸ್ಸಿನಲ್ಲೇ ಹೋಗುತ್ತಿದ್ದದ್ದು. 2021ರಲ್ಲಿ ಕೆಎಸ್‌ಆರ್‌ಟಿಸಿಯೂ 'ನಮ್ಮ ಕಾರ್ಗೋ' ಎಂದು ಪಾರ್ಸೆಲ್ ಸೇವೆ ಶುರು ಮಾಡಿತು. ನಾವು ಹಾಕುವ ಖಾಸಗಿ ಬಸ್ಸಿನ ಆಫೀಸಿನಲ್ಲಿ ಟೇಪು ಹಿಡಿದು ಅಳೆಯುವವರಿಲ್ಲ, ಡಬ್ಬ ನೋಡಿ ಇಷ್ಟು ಅನ್ನುತ್ತಾರೆ. ರಾತ್ರಿ ಹಾಕಿದ್ದು ಬೆಳಿಗ್ಗೆ ಬೆಂಗಳೂರಿನಲ್ಲಿ. ಒಂದೇ ದೊಡ್ಡ ಡಬ್ಬದಲ್ಲಿ ಬಾಟಲಿಗಳು ಒತ್ತೊತ್ತಾಗಿ ನಿಲ್ಲುವುದರಿಂದ ನಡುವೆ ಹಳೆ ಪೇಪರ್ ತುರುಕಿದರೆ ಸಾಕು, ಒಡೆಯುವುದೂ ಕಡಿಮೆ. ಹಂಚುವವರಿಗೆ ಡಬ್ಬಕ್ಕೊಂದು ಬಾಟಲಿ ನಮ್ಮ ಲೆಕ್ಕದಲ್ಲಿ. ಈಗ ನಮ್ಮ ಬಹುಪಾಲು ವ್ಯಾಪಾರ ನಡೆಯುವುದು ಹೀಗೆ. ಆರ್ಡರು ಫೋನಿನಲ್ಲಿ, ದುಡ್ಡು ಯುಪಿಐನಲ್ಲಿ, ಸಾಮಾನು ಬಸ್ಸಿನಲ್ಲಿ. ಇದನ್ನು ಆನ್‌ಲೈನ್ ಅನ್ನಬೇಕೋ ಬೇಡವೋ ಗೊತ್ತಿಲ್ಲ. ಜಾಲತಾಣದಲ್ಲಿ ಹಪ್ಪಳವನ್ನೂ ಕಾಲು ಕಿಲೋದ ಪ್ಲಾಸ್ಟಿಕ್ ಡಬ್ಬಿಯ ಮಿಡಿಯನ್ನೂ ಬೋರ್ಡು ಹಾಕಿದ ಹಾಗೆ ಇಟ್ಟಿದ್ದೇವೆ, ಹೊಸಬರಿಗೆ ನಾವಿದ್ದೇವೆ ಅಂತ ಗೊತ್ತಾಗಲಿ ಎಂದು.

ಬೆಳೆಸಿ ಅನ್ನುವವರು ಬಹಳ ಜನ. ಬ್ರ್ಯಾಂಡ್ ಮಾಡಿ, ಹಣ ಹೂಡುವವರನ್ನು ಹಿಡಿಯಿರಿ, ಹತ್ತು ಪಟ್ಟು ಮಾಡಿ. ಹತ್ತು ಪಟ್ಟು ಮಿಡಿ ಎಲ್ಲಿಂದ? ಕಾಡಿನ ಅಪ್ಪೆ ಮರಗಳು ಎಲ್ಲ ವರ್ಷವೂ ಒಂದೇ ತರ ಬಿಡುವುದಿಲ್ಲ. ರೇಟು ಏರಿದ ವರ್ಷಗಳಲ್ಲಿ ಹತ್ತುವ ತಾಳ್ಮೆಯಿಲ್ಲದೆ ಟೊಂಗೆಯನ್ನೇ ಕಡಿದು ಕೆಡವಿ ಮಿಡಿ ಕಿತ್ತುಕೊಂಡವರಿದ್ದಾರೆ. ಹಾಗೆ ಸೊರಗಿದ ಮರಗಳನ್ನು ಹೊಳೆದಂಡೆಯಲ್ಲಿ ಈಗಲೂ ನೋಡಬಹುದು. ಕಸಿ ಕಟ್ಟಿ ತೋಟದಲ್ಲಿ ಬೆಳೆಸುವವರು ಹೆಚ್ಚುತ್ತಿದ್ದಾರೆ, ಅದು ಒಳ್ಳೆಯ ಬೆಳವಣಿಗೆ, ನಾವೂ ಬೇಲಿಯಂಚಿನಲ್ಲಿ ಕೆಲವು ಹಾಕಿದ್ದೇವೆ. ಅವು ಕಾಯಿ ಬಿಟ್ಟಷ್ಟು ವ್ಯಾಪಾರ ಬೆಳೆಯುತ್ತದೆ. ಅಲ್ಲಿಯ ತನಕ ಭರಣಿ ಖಾಲಿಯಾದ ದಿನ ಅತ್ತಿಗೆ "ಈ ವರ್ಷದ್ದು ಮುಗಿಯಿತು" ಎಂದು ಸ್ಟೇಟಸ್ ಹಾಕುತ್ತಾರೆ. ಬೇರೆ ಕಡೆಯಿಂದ ಮಿಡಿ ತರಿಸಿ ನಮ್ಮ ಲೇಬಲ್ಲು ಅಂಟಿಸಬಹುದಲ್ಲ ಎಂದು ನಾನೇ ಒಮ್ಮೆ ಕೇಳಿದ್ದೆ. "ಆಗ್ತು, ಆದರೆ ಪುಸ್ತಕದಲ್ಲಿ ಇಪ್ಪವರಿಗೆ ಫೋನ್ ಮಾಡಿ ನೀವೇ ಹೇಳಿ" ಅಂದರು.

ಈ ಸಲದ ಚರ್ಚೆ ರೇಟಿನದು. ಮರ ಹತ್ತುವವರು ಸಿಗುವುದು ಕಷ್ಟವಾಗಿದೆ, ಕೂಲಿ ಏರಿದೆ, ನಾನು ಬಾಟಲಿಗೆ 50 ರೂಪಾಯಿ ಏರಿಸೋಣ ಅನ್ನುತ್ತೇನೆ, ಅತ್ತಿಗೆ 30 ಸಾಕು ಅನ್ನುತ್ತಾರೆ. ಅಣ್ಣ ಬಾಯಿ ಬಿಡುತ್ತಿಲ್ಲ. ಅಪಾರ್ಟ್‌ಮೆಂಟಿನ ಮೇಡಂ ಆಗಲೇ ಎರಡು ಡಬ್ಬ ಬರೆಸಿದ್ದಾರೆ, ಎಷ್ಟು ಅಂತ ಕೇಳಿಯೇ ಇಲ್ಲ.